ಮೂಗಿನೊಳಗಿನ ಹಿಸ್ಟಮಿನ್, ಕೈಚೀಲದೊಳಗಿನ ಡ್ರಾಪ್ಸ್

ಪ್ರಶ್ನೆ: "ಡಾಕ್ಟರೇ, ನಮಸ್ಕಾರ. ನನಗೆ 36 ವರ್ಷ. ಸಾಗರದ ಕಡೆಯವಳು, 11 ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ, ಬ್ಯಾಂಕಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಬೆಳಿಗ್ಗೆ ಎದ್ದ ತಕ್ಷಣ ಸೀನು ಶುರುವಾಗುತ್ತದೆ. ಮಗಳು ಎಣಿಸುತ್ತಾಳೆ, ನಿನ್ನೆ 23. ಮೂಗು, ಅಂಗುಳ ಎಲ್ಲ ನವೆ. ಎಂಟು ಗಂಟೆಗೆ ಸೀನು ನಿಲ್ಲುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಮೂಗು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಎಂಟು ತಿಂಗಳಿಂದ ರಾತ್ರಿ ಮಾಂಟೆಲುಕಾಸ್ಟ್, ಲೀವೋಸೆಟಿರಿಜಿನ್ ಎರಡೂ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೂಗು ಬಿಡದಿದ್ದರೆ ಕ್ಸೈಲೋಮೆಟಜೋಲಿನ್ ಡ್ರಾಪ್ಸ್. ಅದು 14 ತಿಂಗಳಿಂದ ನಡೆದಿದೆ. ಒಂದು ಬಾಟಲಿ ದಿಂಬಿನ ಹತ್ತಿರ, ಒಂದು ಕೈಚೀಲದಲ್ಲಿ, ಒಂದು ಬ್ಯಾಂಕಿನ ಡ್ರಾಯರಿನಲ್ಲಿ. ರಕ್ತಪರೀಕ್ಷೆಯಲ್ಲಿ ಐಜಿಇ 780 ಬಂದಿದೆ. ಮೂಗಿನ ಒಳಗೆ ಹಿಸ್ಟಮಿನ್ ಎಂಬ ಕೆಟ್ಟ ಕೆಮಿಕಲ್ ಸೇರಿಕೊಂಡಿದೆ, ಡಿಟಾಕ್ಸ್ ಮಾಡಿ ಹೊರಹಾಕಬೇಕು ಎಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆ. ನಿಜವೇ? ಅತ್ತೆ ಮೊಸರು, ಬಾಳೆಹಣ್ಣು ಬಿಡಿಸಿದ್ದಾರೆ. ಒಬ್ಬ ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರು, ಹೆದರಿ ತೆರೆದೇ ಇಲ್ಲ. ಇನ್ನೊಬ್ಬರು ಮೂಗಿನ ಮೂಳೆ ಸೊಟ್ಟಗಿದೆ, ಆಪರೇಷನ್ ಮಾಡಿಸಿ ಎಂದರು. ಅಸ್ತಮಾ, ಬಿಪಿ ಇಲ್ಲ. ಇತ್ತೀಚೆಗೆ ಕೆಟ್ಟ ಕನಸು ಬಿದ್ದು ಎಚ್ಚರವಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ."

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಹಿಸ್ಟಮಿನ್ ಬಗ್ಗೆ. ನನ್ನ ಕಣ್ಣು ನಿಂತದ್ದು ಬೇರೆ ಎರಡು ಕಡೆ: ಆ ಮೂರು ಬಾಟಲಿ, ಮತ್ತು ಕೊನೆಯಲ್ಲಿ ಸುಮ್ನೆ ಸೇರಿಸಿದ ಕನಸಿನ ಸಾಲು. ಎರಡಕ್ಕೂ ಬರುತ್ತೇನೆ. ಮೊದಲು ನೀವು ಕೇಳಿದ್ದು.

ಹಿಸ್ಟಮಿನ್ ಹೊರಗಿನಿಂದ ಬಂದು ಸೇರಿಕೊಂಡ ವಿಷವಲ್ಲ. ನಿಮ್ಮ ದೇಹವೇ ಅದನ್ನು ಮಾಡಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಊಟ ಅರಗಿಸುವ ಆಮ್ಲ ಬರಲು ಅದು ಬೇಕು. ಮಿದುಳಿನಲ್ಲಿ ನಿಮ್ಮನ್ನು ಎಚ್ಚರವಾಗಿಡುವುದೂ ಅದೇ. ಹಳೇ ಕಾಲದ ನೆಗಡಿ ಮಾತ್ರೆ ನುಂಗಿದರೆ ತೂಕಡಿಕೆ ಬರುತ್ತಿತ್ತು ಅಲ್ವಾ? ಆ ಮಾತ್ರೆ ಮಿದುಳಿನ ಹಿಸ್ಟಮಿನ್‌ನ ಕೆಲಸವನ್ನೂ ತಡೆಯುತ್ತಿತ್ತು, ಅದಕ್ಕೆ. ಯಾವ ಕಷಾಯವೋ ಅದನ್ನೆಲ್ಲ ತೊಳೆದು ಹಾಕಿತು ಅಂದುಕೊಳ್ಳಿ. ನೀವು ಊಟ ಅರಗದೆ, ನಿದ್ದೆಯೂ ಬಿಡದೆ ಕೂತಿರುತ್ತೀರಿ. ಹಾಗೆ ತೊಳೆಯುವ ಅಗತ್ಯವೂ ಇಲ್ಲ. ಕೋಶಗಳಿಂದ ಹೊರಗೆ ಬಂದ ಹಿಸ್ಟಮಿನ್ ಕೆಲವೇ ನಿಮಿಷದಲ್ಲಿ ತಾನಾಗಿ ಕರಗಿಹೋಗುತ್ತದೆ.

ಮೂಗಿನ ಒಳಪೊರೆಯಲ್ಲಿ ಇಂಥ ವಸ್ತುಗಳು ಬೇಕಾದಷ್ಟಿವೆ. 1922ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಸಂಗತಿ ಪ್ರಕಟಿಸಿದರು. ನೆಗಡಿಯಾದ ಮೂಗಿನ ಸಿಂಬಳ ಹಾಕಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಅದರೊಳಗಿನ ವಸ್ತುವಿಗೆ ಲೈಸೋಜೈಮ್ ಎಂಬ ಹೆಸರು ಬಂತು. ಪೆನಿಸಿಲಿನ್ ಅವರ ಕಣ್ಣಿಗೆ ಬಿದ್ದದ್ದು ಆರು ವರ್ಷ ಆದ ಮೇಲೆ. ನಾವು ಮೂಗು ಮುರಿಯುವ ಗೊಣ್ಣೆಯಲ್ಲಿ ಲೈಸೋಜೈಮ್ ಇದೆ, ಬ್ಯಾಕ್ಟೀರಿಯಾಗಳಿಗೆ ಕಬ್ಬಿಣ ಸಿಗದಂತೆ ಹಿಡಿದಿಡುವ ಲ್ಯಾಕ್ಟೋಫೆರಿನ್ ಇದೆ, ಪ್ರತಿಕಾಯಗಳಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು. ನಾಲಿಗೆಯಲ್ಲಿರುವ ಕಹಿ ಗುರುತಿಸುವ ವ್ಯವಸ್ಥೆ ಮೂಗಿನ ಒಳಪೊರೆಯಲ್ಲೂ ಇದೆ. ಕೆಲವು ಬ್ಯಾಕ್ಟೀರಿಯಾ ಬಿಡುವ ವಸ್ತು ಅದಕ್ಕೆ "ಕಹಿ" ಎಂದು ತಿಳಿಯುತ್ತದೆ. ಕೂಡಲೇ ಅಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟಿ ಅವನ್ನು ಕೊಲ್ಲುತ್ತದೆ. ಹಾಗಲಕಾಯಿ ಇಷ್ಟವಿಲ್ಲದವರ ಮೂಗೂ ಕಹಿಯನ್ನು ನಂಬಿ ಬದುಕುತ್ತದೆ ಎಂದು ನಾನು ತಮಾಷೆ ಮಾಡುವುದುಂಟು.

ಹಾಗಾದರೆ ನಿಮ್ಮ ಮೂಗಿನಲ್ಲಿ ತಪ್ಪಿದ್ದೆಲ್ಲಿ? ಒಳಪೊರೆಯಲ್ಲಿ ಮಾಸ್ಟ್ ಕೋಶಗಳು ಎಂಬವು ಇರುತ್ತವೆ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇವುಗಳ ತುಂಬಾ ಕಾಳುಕಾಳಾಗಿ ಏನೋ ಇರುವುದನ್ನು ಕಂಡು, ಚೆನ್ನಾಗಿ ಉಂಡು ಕೊಬ್ಬಿದ ಕೋಶ ಎಂಬ ಅರ್ಥದಲ್ಲಿ ಆ ಹೆಸರಿಟ್ಟರು. ಆ ಕಾಳುಗಳಲ್ಲಿ ಇದ್ದದ್ದು ಹಿಸ್ಟಮಿನ್‌ನ ದಾಸ್ತಾನು ಎಂದು ತಿಳಿದದ್ದು ಬಹಳ ತಡವಾಗಿ. ಅಲರ್ಜಿ ಇರುವವರಲ್ಲಿ ಈ ಕೋಶಗಳ ಮೈಮೇಲೆ ಐಜಿಇ ಎಂಬ ಪ್ರತಿಕಾಯ ಕೂತಿರುತ್ತದೆ. ನಿಮ್ಮ ರಿಪೋರ್ಟಿನಲ್ಲಿ 780 ಎಂದು ಬಂದಿರುವುದು ಅದೇ. ಅದಕ್ಕೆ ಗುರುತಿರುವ ಕಣ, ನಿಮ್ಮ ವಿಷಯದಲ್ಲಿ ಬಹುಶಃ ಹಾಸಿಗೆಯ ಧೂಳಿನ ನುಸಿಯ ಹಿಕ್ಕೆ, ಬಂದು ತಗುಲಿದ ಕೂಡಲೇ ಕೋಶ ತನ್ನ ದಾಸ್ತಾನನ್ನು ಹೊರಗೆ ಸುರಿಯುತ್ತದೆ.

ಮುಂದೆ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ, ನಿಮ್ಮ ಚಿಕಿತ್ಸೆ ಎಲ್ಲ ಇದರ ಮೇಲೆ ನಿಂತಿದೆ. ಸುರಿದ ಹಿಸ್ಟಮಿನ್ ನರದ ತುದಿಗಳನ್ನು ಕೆಣಕುತ್ತದೆ. ಅದರಿಂದ ನವೆ, ಸೀನು. ಆ ನರಗಳೇ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ವಸ್ತುವಿನ ಮೂಲಕ ಗ್ರಂಥಿಗಳಿಗೆ ಸುದ್ದಿ ಕಳಿಸುತ್ತವೆ, ನೀರು ಸುರಿಯುತ್ತದೆ. ಖಾರದ ಮೆಣಸಿನ ಸಾರು ಉಣ್ಣುವಾಗ ಮೂಗು ಸೋರುವುದೂ ಇದೇ ದಾರಿಯಲ್ಲಿ, ಅಲ್ಲಿ ಅಲರ್ಜಿ ಏನೂ ಇಲ್ಲ. ಇದೆಲ್ಲ ನಿಮಿಷಗಳ ಆಟ. ಆದರೆ ಮೂಗು ಕಟ್ಟುವುದು ಬೇರೆಯವರ ಕೆಲಸ. ಮಾಸ್ಟ್ ಕೋಶ ದಾಸ್ತಾನು ಸುರಿದ ಮೇಲೆ ಲ್ಯೂಕೋಟ್ರೈನ್, ಪ್ರೋಸ್ಟಗ್ಲಾಂಡಿನ್ ಡಿ2 ಎಂಬ ವಸ್ತುಗಳನ್ನು ಹೊಸದಾಗಿ ತಯಾರಿಸುತ್ತದೆ. ಮೂಗು ಕಟ್ಟಿಸುವುದರಲ್ಲಿ ಇವು ಹಿಸ್ಟಮಿನ್‌ಗಿಂತ ಎಷ್ಟೋ ಪಾಲು ಜೋರು. ನಾಲ್ಕಾರು ಗಂಟೆ ಕಳೆದ ಮೇಲೆ ಇಯೋಸಿನೋಫಿಲ್ ಎಂಬ ಬಿಳಿರಕ್ತಕಣಗಳ ದಂಡು ಬರುತ್ತದೆ. ಅವು ತಮ್ಮ ಕೈಯಿಂದಲೂ ಒಂದಿಷ್ಟು ಸುರಿದು ಒಳಪೊರೆಯನ್ನು ಇನ್ನಷ್ಟು ಊದಿಸುತ್ತವೆ.

ನಿಮ್ಮ ದಿನವನ್ನು ಇದರ ಪಕ್ಕ ಇಟ್ಟು ನೋಡಿ. ಬೆಳಿಗ್ಗೆ 23 ಸೀನು, ಅದು ಹಿಸ್ಟಮಿನ್. ಮಧ್ಯಾಹ್ನ ಕಟ್ಟಿದ ಮೂಗು, ಅದು ಮಿಕ್ಕವರು. ಲೀವೋಸೆಟಿರಿಜಿನ್ ತಡೆಯುವುದು ಹಿಸ್ಟಮಿನ್ ಒಂದನ್ನೇ. ನವೆ, ಸೀನಿಗೆ ಅದು ಒಳ್ಳೆಯದು, ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೇ. ಮಾತ್ರೆ ನುಂಗಿದರೂ ಮೂಗು ಬಿಡಲಿಲ್ಲ. ಅದಕ್ಕೇ ಮಾತ್ರೆ ಶುರುವಾದ ಮೇಲೂ ನೀವು ಡ್ರಾಪ್ಸ್ ಕೈಬಿಡಲಿಲ್ಲ. ನಿಮ್ಮ ತಪ್ಪು ಎನ್ನುವುದಿಲ್ಲ, ಯಾರೂ ಇದನ್ನು ಕೂತು ಹೇಳಿರುವುದಿಲ್ಲ.

ಈಗ ಆ ಬಾಟಲಿಗಳು. ಮೂಗಿನ ಪಕ್ಕದ ಗೋಡೆಯಲ್ಲಿ ಟರ್ಬಿನೇಟ್ ಎಂಬ ಮೆತ್ತನೆಯ ಉಬ್ಬುಗಳಿವೆ. ಒಳಗೆಲ್ಲ ರಕ್ತನಾಳ, ಸ್ಪಂಜಿನ ಹಾಗೆ. ನರಗಳು ನಾರ್‌ಅಡ್ರಿನಾಲಿನ್ ಬಿಟ್ಟರೆ ಸ್ಪಂಜು ಹಿಂಡಿದಂತಾಗಿ ದಾರಿ ತೆರೆಯುತ್ತದೆ. ಕ್ಸೈಲೋಮೆಟಜೋಲಿನ್ ಅದರ ವೇಷ ಹಾಕಿ ಅದೇ ಕೆಲಸ ಮಾಡುತ್ತದೆ. ಐದೇ ನಿಮಿಷದಲ್ಲಿ ಸ್ವರ್ಗ. ಮೂರರಿಂದ ಐದು ದಿನ ಹಾಕಿದರೆ ತೊಂದರೆಯಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಆ ನಾಳಗಳು ಸ್ವಂತ ನಾರ್‌ಅಡ್ರಿನಾಲಿನ್ ಮಾತನ್ನು ಕೇಳುವುದನ್ನು ಕಡಿಮೆ ಮಾಡುತ್ತವೆ. ಔಷಧಿ ಇಳಿದ ಕೂಡಲೇ ಮೊದಲಿಗಿಂತ ದಪ್ಪಗೆ ಊದಿಕೊಳ್ಳುತ್ತವೆ. ಆಗ ಮತ್ತೆ ಎರಡು ಹನಿ. ನಿಮಗೆ ಈಗ ಎರಡು ಕಾಯಿಲೆ ಇವೆ: ಒಂದು ಅಲರ್ಜಿ, ಇನ್ನೊಂದು ಡ್ರಾಪ್ಸಿನಿಂದ ಬಂದದ್ದು. ನನ್ನ ಅಂದಾಜಿನಲ್ಲಿ ರಾತ್ರಿ ನಿಮ್ಮ ಮೂಗು ಕಟ್ಟಿಸುತ್ತಿರುವುದು ಎರಡನೆಯದು. ರೋಗಿಗಳು ಕ್ಲಿನಿಕ್ಕಿನಲ್ಲಿ ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ಕಂಡೇ ನನಗೆ ಇದು ಗೊತ್ತಾಗಿಬಿಡುತ್ತದೆ.

ಬಿಡುವುದು ಹೇಗೆ? ಒಮ್ಮೆಲೇ ಬಿಟ್ಟರೆ ಬೇಗ ಮುಗಿಯುತ್ತದೆ, ಆದರೆ ಮೊದಲ ನಾಲ್ಕೈದು ರಾತ್ರಿ ಕಷ್ಟ. ಅರ್ಧದಷ್ಟು ಜನ ಮೂರನೇ ರಾತ್ರಿ ಮತ್ತೆ ಬಾಟಲಿ ಹುಡುಕುತ್ತಾರೆ ಎಂದು ನನ್ನ ಅನುಭವ. ಹಾಗಾಗಿ ನಾನು ಹೇಳುವುದು ಒಂದೊಂದು ಹೊಳ್ಳೆಯ ದಾರಿ. ಮೊದಲು ಒಂದು ಹೊಳ್ಳೆಗೆ ಹಾಕುವುದನ್ನು ಪೂರ್ತಿ ನಿಲ್ಲಿಸಿ. ಇನ್ನೊಂದರಲ್ಲಿ ಉಸಿರಾಡಿಕೊಂಡಿರಿ. ವಾರ, ಹತ್ತು ದಿನದಲ್ಲಿ ಬಿಟ್ಟ ಹೊಳ್ಳೆ ತಾನಾಗಿ ತೆರೆಯುತ್ತದೆ. ಆಮೇಲೆ ಎರಡನೆಯದನ್ನು ನಿಲ್ಲಿಸಿ. ಜೊತೆಗೆ ಮೊದಲ ದಿನದಿಂದಲೇ ಆ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಬೇಕು. ಬದಲಿಗೆ ನೆಗಡಿ ಮಾತ್ರೆ ನುಂಗಬಹುದೇ ಎಂದು ಹಲವರು ಕೇಳುತ್ತಾರೆ. ಅವುಗಳಲ್ಲಿ ಮೂಗು ಬಿಡಿಸಲೆಂದು ಇರುವುದು ಸಾಮಾನ್ಯವಾಗಿ ಫಿನೈಲ್‌ಎಫ್ರಿನ್. ಬಾಯಿಂದ ನುಂಗಿದರೆ ಅದು ಮೂಗಿಗೆ ಕೆಲಸ ಮಾಡುವುದಿಲ್ಲ ಎಂದು 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ತಜ್ಞರ ಸಮಿತಿ ಒಮ್ಮತದಿಂದ ಹೇಳಿತು. ದುಡ್ಡು ದಂಡ.

ಸ್ಟೀರಾಯ್ಡ್ ಎಂದ ಕೂಡಲೇ ಮುಖ ಊದಿದವರು, ಸಕ್ಕರೆ ಏರಿದವರು ನೆನಪಾಗುತ್ತಾರೆ. ಅದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಕಥೆ. ಮೂಗಿನ ಸ್ಪ್ರೇಯಲ್ಲಿ ಒಂದು ಸಲಕ್ಕೆ ಬರುವುದು 50 ಮೈಕ್ರೋಗ್ರಾಮಿನ ಆಸುಪಾಸು. ಸ್ಪ್ರೇಯಲ್ಲಿರುವ ಔಷಧಿ ಫ್ಲೂಟಿಕಾಸೋನ್ ಅಥವಾ ಮೊಮೆಟಾಸೋನ್ ಆಗಿದ್ದರೆ ಅದರಲ್ಲೂ ರಕ್ತಕ್ಕೆ ಸೇರುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಡ್ರಾಪ್ಸಿನ ಹಾಗೆ ಚಟ ಹಿಡಿಸುವುದಿಲ್ಲ. ಇದರ ದೊಡ್ಡ ಗುಣ ಏನೆಂದರೆ ಮೇಲೆ ಹೇಳಿದ ಅಷ್ಟೂ ಜನರನ್ನು, ಹಿಸ್ಟಮಿನ್, ಲ್ಯೂಕೋಟ್ರೈನ್, ಇಯೋಸಿನೋಫಿಲ್ ದಂಡು ಎಲ್ಲವನ್ನೂ, ಮೂಲದಲ್ಲೇ ತಗ್ಗಿಸುತ್ತದೆ. ದೊಡ್ಡ ದೋಷ, ನಿಧಾನ. ಪೂರ್ತಿ ಗುಣ ಕಾಣಲು ಎರಡು ವಾರ ಬೇಕಾಗಬಹುದು. ಎರಡು ದಿನ ಹೊಡೆದು, ಏನೂ ಆಗಲಿಲ್ಲ ಎಂದು ಮೂಲೆಗೆ ಇಟ್ಟ ಸ್ಪ್ರೇಗಳನ್ನು ಲೆಕ್ಕ ಹಾಕಿದರೆ ಒಂದು ಮೆಡಿಕಲ್ ಸ್ಟೋರನ್ನೇ ತೆರೆಯಬಹುದು. ತೊಂದರೆ ಎಂದರೆ ಕೆಲವರಿಗೆ ಮೂಗು ಒಣಗಿ ರಕ್ತ ಬರುತ್ತದೆ. ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡದ ಕಾಯಿಲೆ, ಇರುವವರು ಕಣ್ಣಿನ ವೈದ್ಯರಿಗೆ ಹೇಳಿಟ್ಟಿರಬೇಕು.

ರಕ್ತ ಬರುವುದಕ್ಕೆ ಮುಖ್ಯ ಕಾರಣ ಹೊಡೆಯುವ ರೀತಿ. ತಲೆಯನ್ನು ಸ್ವಲ್ಪ ಮುಂದೆ ಬಗ್ಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿ ಅದೇ ಬದಿಯ ಕಣ್ಣಿನ ಹೊರಮೂಲೆಯ ಕಡೆಗೆ ಇರಲಿ, ಮೂಗಿನ ನಡುಗೋಡೆಗೆ ತಾಗಬಾರದು. ಜೋರಾಗಿ ಒಳಗೆ ಎಳೆದುಕೊಳ್ಳಬೇಡಿ. ಗಂಟಲಿಗೆ ಇಳಿದರೆ ಅಷ್ಟೂ ವ್ಯರ್ಥ.

ಇನ್ನು ಕನಸು. ಸಂಬಂಧ ಇರಲಿಕ್ಕಿಲ್ಲ ಎಂದು ಬರೆದಿದ್ದೀರಿ. ಇರಬಹುದು. ನಿಮ್ಮ ಮಾತ್ರೆಯಲ್ಲಿರುವ ಮಾಂಟೆಲುಕಾಸ್ಟ್ ಲ್ಯೂಕೋಟ್ರೈನ್ ತಡೆಯುವ ಔಷಧಿ. ಕೆಲವರಲ್ಲಿ ಅದು ನಿದ್ದೆ ಕೆಡಿಸುತ್ತದೆ, ಕೆಟ್ಟ ಕನಸು ತರುತ್ತದೆ, ಮನಸ್ಸು ಕುಗ್ಗಿಸುತ್ತದೆ. ಅಪರೂಪಕ್ಕೆ ಬದುಕುವುದೇ ಬೇಡ ಎಂಬ ಯೋಚನೆಯನ್ನೂ ತಂದಿದೆ. 2020ರ ಮಾರ್ಚಿನಲ್ಲಿ ಎಫ್‌ಡಿಎ ಇದಕ್ಕೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿ, ಬರೀ ಮೂಗಿನ ಅಲರ್ಜಿಗಾದರೆ ಬೇರೆ ಔಷಧಿಗಳು ಫಲ ಕೊಡದಾಗ ಮಾತ್ರ ಬಳಸಿ ಎಂದಿತು. ನಮ್ಮಲ್ಲಿ ಈ ಜೋಡಿ ಮಾತ್ರೆಯನ್ನು ಕಡಲೆಪುರಿಯಂತೆ ಬರೆಯುತ್ತಾರೆ, ನಾನೂ ಒಂದು ಕಾಲದಲ್ಲಿ ಬರೆದವನೇ. ನಿಮಗೆ ಅಸ್ತಮಾ ಇಲ್ಲ. ಕೊಟ್ಟ ವೈದ್ಯರಿಗೆ ನಾಳೆಯೇ ಫೋನ್ ಮಾಡಿ, ಕನಸಿನ ವಿಷಯ ಹೇಳಿ, ಮಾಂಟೆಲುಕಾಸ್ಟ್ ಇಲ್ಲದ ಮಾತ್ರೆಗೆ ಬದಲಿಸಿಕೊಳ್ಳಿ. ಬಿಲಾಸ್ಟಿನ್ ಅಥವಾ ಫೆಕ್ಸೋಫೆನಾಡಿನ್ ಆದರೆ ತೂಕಡಿಕೆಯೂ ಕಡಿಮೆ. ಒಂದು ಸಣ್ಣ ಮಾತು: ಫೆಕ್ಸೋಫೆನಾಡಿನ್ ಅನ್ನು ಹಣ್ಣಿನ ರಸದ ಜೊತೆ ನುಂಗಬೇಡಿ, ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಲೀವೋಸೆಟಿರಿಜಿನ್ ಅನ್ನು ತಿಂಗಳುಗಟ್ಟಲೆ ತೆಗೆದುಕೊಂಡು ಬಿಟ್ಟಾಗ ಕೆಲವರಿಗೆ ಕೆಲವು ದಿನ ಮೈಯೆಲ್ಲ ನವೆ ಬರುವುದುಂಟು. ಬಂದರೆ ಗಾಬರಿ ಬೇಡ, ವೈದ್ಯರಿಗೆ ತಿಳಿಸಿ.

ಐಜಿಇ 780 ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅದು ಕಾಯಿಲೆಯ ಜೋರನ್ನು ಅಳೆಯುವ ಮೀಟರ್ ಅಲ್ಲ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಏರುತ್ತದೆ, ಇಸುಬು ಇದ್ದರೂ ಏರುತ್ತದೆ. ಯಾವುದಕ್ಕೆ ಅಲರ್ಜಿ ಎಂದು ತಿಳಿಯಬೇಕಾದರೆ ಚರ್ಮಕ್ಕೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಇದೆ. ಅದಕ್ಕೆ ಮೊದಲು ಸುಮಾರು ಒಂದು ವಾರ ಹಿಸ್ಟಮಿನ್ ತಡೆಯುವ ಮಾತ್ರೆ ಬಿಟ್ಟಿರಬೇಕು. ನೂರಾರು ತಿಂಡಿಗಳ ಪಟ್ಟಿ ಇರುವ ರಕ್ತಪರೀಕ್ಷೆ ಮಾಡಿಸಬೇಡಿ. ಅದರಲ್ಲಿ ಅಕ್ಕಿಗೂ ಬೇಳೆಗೂ ಪಾಸಿಟಿವ್ ಬಂದು, ಆಮೇಲೆ ಏನು ತಿನ್ನಬೇಕೆಂದು ಅಳುತ್ತಾ ಬಂದವರನ್ನು ನೋಡಿದ್ದೇನೆ.

ಮೊಸರು, ಬಾಳೆಹಣ್ಣು ತಿನ್ನಿ. ನಿಮ್ಮ ಅತ್ತೆಯ ಕಾಳಜಿ ನಿಜ, ಆದರೆ ಬೆಳಗಿನ ಸೀನಿಗೂ ಮೊಸರಿಗೂ ನಂಟಿಲ್ಲ. ಆಹಾರದ ಹಿಸ್ಟಮಿನ್‌ನಿಂದ ನಿಜವಾಗಿ ತೊಂದರೆ ಆಗುವುದನ್ನು ನೋಡಬೇಕೆಂದರೆ ಕರಾವಳಿಯವರನ್ನು ಕೇಳಬೇಕು. ಐಸ್ ಇಲ್ಲದೆ ಬಿಸಿಲಿನಲ್ಲಿ ಉಳಿದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಮಾಡಿಬಿಡುತ್ತವೆ, ಬೇಯಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಮೀನಿನ ಅಲರ್ಜಿ ಎಂದು ತಪ್ಪು ತಿಳಿಯುವವರೇ ಜಾಸ್ತಿ.

ಮೂಳೆ ಸೊಟ್ಟ ಇರುವ ವಿಷಯ. ನಾನೂ ಕತ್ತಿ ಹಿಡಿಯುವವನೇ, ಆದರೂ ಹೇಳುತ್ತೇನೆ, ಈಗ ಬೇಡ. ನೇರವಾದ ನಡುಗೋಡೆ ಇರುವವರೇ ಕಡಿಮೆ. ಸೊಟ್ಟ ಸರಿಮಾಡಿದರೆ ಮಾಸ್ಟ್ ಕೋಶಗಳು ಸುಮ್ಮನಾಗುವುದಿಲ್ಲ, ಸೀನು ಹಾಗೇ ಇರುತ್ತದೆ. ಡ್ರಾಪ್ಸಿನಿಂದ ಊದಿದ ಮೂಗಿನಲ್ಲಿ ಸೊಟ್ಟ ಎಷ್ಟು, ಊತ ಎಷ್ಟು ಎಂದು ಅಳೆಯುವುದೂ ಕಷ್ಟ. ಡ್ರಾಪ್ಸ್ ಬಿಟ್ಟು, ಮೂರು ತಿಂಗಳು ಸ್ಪ್ರೇ ಸರಿಯಾಗಿ ಹಾಕಿದ ಮೇಲೂ ಯಾವಾಗಲೂ ಒಂದೇ ಕಡೆ ಕಟ್ಟುತ್ತಿದ್ದರೆ ಆಪರೇಷನ್ ಮಾತಾಡೋಣ. ರಕ್ತಸ್ರಾವ, ನಡುಗೋಡೆಯಲ್ಲಿ ತೂತು, ಇಂಥ ಅಪಾಯಗಳು ಕಡಿಮೆ, ಆದರೆ ಇಲ್ಲದಿಲ್ಲ. ಅಂದ ಹಾಗೆ, ಆರೋಗ್ಯವಂತರಲ್ಲೂ ಒಂದು ಹೊಳ್ಳೆ ಕಟ್ಟಿ ಇನ್ನೊಂದು ಬಿಡುವುದು ಕೆಲವು ಗಂಟೆಗೊಮ್ಮೆ ಬದಲಾಗುತ್ತಿರುತ್ತದೆ. ಅದು ಕಾಯಿಲೆಯಲ್ಲ.

ಮನೆಮದ್ದಿನ ಬಗ್ಗೆ ನೀವು ಕೇಳಲಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ಘಾಟಿನ ಬಾಮ್ ಹಚ್ಚಿದರೆ ಮೂಗು ಬಿಟ್ಟಂತೆ ಅನಿಸುವುದು ಮೆಂಥಾಲ್ ತಂಪಿನ ನರವನ್ನು ಮುಟ್ಟುವುದರಿಂದ. ಅಳೆದು ನೋಡಿದರೆ ದಾರಿ ಒಂದಿಷ್ಟೂ ಅಗಲವಾಗಿರುವುದಿಲ್ಲ. ಹಿತವಾಗಿದ್ದರೆ ಹಚ್ಚಿಕೊಳ್ಳಿ, ಮಗುವಿನ ಮೂಗಿಗೆ ಮಾತ್ರ ಬೇಡ. ಮೂಗಿಗೆ ಎಣ್ಣೆ ಬಿಡುವುದು ಬೇಡ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಉಪ್ಪು ನೀರಿನಲ್ಲಿ ಮೂಗು ತೊಳೆಯುವುದು, ಅಂದರೆ ನೇತಿ, ನಿಜಕ್ಕೂ ಒಳ್ಳೆಯದು. ಅಂಟಿದ ಕಣಗಳೂ ಸುರಿದ ವಸ್ತುಗಳೂ ಕೊಚ್ಚಿ ಹೋಗುತ್ತವೆ. ಅರ್ಧ ಲೀಟರಿಗೆ ಒಂದು ಸಮ ಟೀ ಚಮಚ ಉಪ್ಪು. ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು. ನಲ್ಲಿ ನೀರನ್ನು ಹಾಗೇ ಬಳಸಿ, ಮಿದುಳಿಗೆ ಅಮೀಬಾ ಹೋಗಿ 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ತೀರಿಕೊಂಡರು. ಭ್ರಾಮರಿ ಮಾಡುವವರಿಗೆ ಒಂದು ಖುಷಿಯ ಸುದ್ದಿ ಇದೆ. ಬಾಯಿ ಮುಚ್ಚಿ ಗುಂಯ್ ಎಂದರೆ ಸೈನಸ್ಸುಗಳಲ್ಲಿ ಕೂತ ನೈಟ್ರಿಕ್ ಆಕ್ಸೈಡ್ ಮೂಗಿಗೆ ನುಗ್ಗುತ್ತದೆ, ಸುಮ್ಮನೆ ಉಸಿರು ಬಿಡುವುದಕ್ಕಿಂತ 15 ಪಟ್ಟು. ಇದನ್ನು 2002ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಅಳೆದಿದ್ದಾರೆ. ಅದರಿಂದ ಅಲರ್ಜಿ ವಾಸಿಯಾಗುತ್ತದೆ ಎಂದು ಮಾತ್ರ ಯಾರೂ ತೋರಿಸಿಲ್ಲ. ಮಾಡಿ, ಸ್ಪ್ರೇ ಬಿಡಬೇಡಿ.

ನುಸಿಗೆ ತೇವ ಇಷ್ಟ, ನಮ್ಮ ಚರ್ಮದ ಹೊಟ್ಟೇ ಅದಕ್ಕೆ ಊಟ. ದಿಂಬಿನ ಗವಸು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಅಜ್ಜಿಯರ ಅಭ್ಯಾಸ ಒಳ್ಳೆಯದೇ. ನುಸಿ ಸತ್ತರೂ ಹಿಕ್ಕೆ ಉಳಿಯುತ್ತದೆ, ಹಾಗಾಗಿ ಇದೊಂದರಿಂದಲೇ ಪವಾಡ ಆಗದು. ಪ್ರಿಕ್ ಟೆಸ್ಟಿನಲ್ಲಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಮ್, ಬಂದರೂ ಆಶ್ಚರ್ಯವಿಲ್ಲ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಅದರದ್ದೇ ರಾಜ್ಯ. ಅದಕ್ಕೆ ಅಲರ್ಜಿ ಇರುವ ನಮ್ಮವರು ಅಮೆರಿಕಕ್ಕೆ ಹೋದರೆ ಅಲ್ಲಿನ ರಾಗ್‌ವೀಡ್ ಪರಾಗಕ್ಕೂ ಸೀನುವುದುಂಟು. ಎರಡರ ಪ್ರೋಟೀನಿಗೂ ಹೋಲಿಕೆ ಇದೆ.

ಇಷ್ಟಾದರೂ ತಗ್ಗದಿದ್ದರೆ ಇಮ್ಯುನೋಥೆರಪಿ ಇದೆ. ಅಲರ್ಜಿ ತರುವ ವಸ್ತುವನ್ನೇ ತೀರಾ ಸಣ್ಣ ಪ್ರಮಾಣದಿಂದ ಶುರು ಮಾಡಿ ದೇಹಕ್ಕೆ ಅಭ್ಯಾಸ ಮಾಡಿಸುವುದು. 1911ರಲ್ಲಿ ಲಿಯೊನಾರ್ಡ್ ನೂನ್ ಇದನ್ನು ಮೊದಲು ಪ್ರಕಟಿಸಿದರು, ಅದೂ ಫ್ಲೆಮಿಂಗ್ ಇದ್ದ ಸೇಂಟ್ ಮೇರೀಸ್‌ನಲ್ಲೇ. ಮೂರರಿಂದ ಐದು ವರ್ಷ ಹಿಡಿಯುತ್ತದೆ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು, ಏಕೆಂದರೆ ಅಪರೂಪಕ್ಕೆ ತೀವ್ರ ಅಲರ್ಜಿ ಆಗಿ ಪ್ರಾಣಕ್ಕೇ ಬರಬಹುದು. ಮನೆಗೇ ಬಾಟಲಿ ಕಳಿಸಿ ಚುಚ್ಚಿಕೊಳ್ಳಿ ಎನ್ನುವವರ ಹತ್ತಿರ ಹೋಗಬೇಡಿ.

ಒಂದೇ ಹೊಳ್ಳೆಯಿಂದ ರಕ್ತ ಅಥವಾ ತಿಳಿನೀರು ಸುರಿದರೆ, ವಾಸನೆ ಹೋದರೆ, ಎದೆಯಲ್ಲಿ ಸುಂಯ್ ಶಬ್ದ ಬಂದರೆ ಮೇಲಿನದ್ದನ್ನೆಲ್ಲ ಪಕ್ಕಕ್ಕಿಟ್ಟು ಬೇಗ ವೈದ್ಯರಿಗೆ ತೋರಿಸಿ.

ಕೊನೆಗೆ, ನಿಮ್ಮ ಮಗಳಿಗೆ ಒಂದು ಪುಟ್ಟ ನೋಟ್‌ಬುಕ್ ಕೊಡಿ. ಒಂದು ಸಾಲಿನಲ್ಲಿ ಬೆಳಗಿನ ಸೀನು ಎಷ್ಟು ಎಂದು ಅವಳು ಬರೆಯಲಿ. ಇನ್ನೊಂದರಲ್ಲಿ ಮಲಗುವಾಗ ಯಾವ ಹೊಳ್ಳೆ ಕಟ್ಟಿತ್ತು ಎಂದು ನೀವು ಬರೆಯಿರಿ. ಆರು ವಾರ ಆದ ಮೇಲೆ ವೈದ್ಯರ ಹತ್ತಿರ ಹೋಗುವಾಗ ಸ್ಕ್ಯಾನಿಗಿಂತ ಮೊದಲು ಅದನ್ನು ತೋರಿಸಿ. ಮಗಳ ಸಾಲು ಮಾತ್ರ ಇಳಿಯದಿದ್ದರೆ ಹಿಸ್ಟಮಿನ್ ಕಡೆ ನೋಡಬೇಕು. ನಿಮ್ಮ ಸಾಲು ಇಳಿಯದಿದ್ದರೆ ಮಿಕ್ಕವರ ಕಡೆ, ಅಥವಾ ಬ್ಯಾಂಕಿನ ಡ್ರಾಯರಿನ ಕಡೆ.